ಕಂದು ಗೆರೆ, ಕಪ್ಪು ಗೆರೆ: ಸಹ್ಯಾದ್ರಿಯ ಹಳೇ ನಕ್ಷೆ ಓದೋದು ಹೇಗೆ, ಫ್ಲ್ಯಾಟ್ ಬುಕ್ ಮಾಡೋ ಮೊದಲು ಯಾಕೆ ಓದಬೇಕು

ಇದು ಹೋದ ವಾರ ಹಾಕಿದ ವಿಡಿಯೋದ ಬರಹ ರೂಪ. ಮಾತಾಡಿದ್ದನ್ನೇ ಟೈಪ್ ಮಾಡಿ ಅಲ್ಲಲ್ಲಿ ತಿದ್ದಿದೀನಿ. ವಿಡಿಯೋದಲ್ಲಿ ಸ್ಕ್ರೀನ್ ಮೇಲೆ ನಕ್ಷೆ ತೋರಿಸಿ "ಇಲ್ನೋಡಿ, ಈ ಮೂಲೆ ನೋಡಿ" ಅಂದಿದ್ದು ಓದೋವಾಗ ಅರ್ಥ ಆಗಲ್ಲ. ಅಂಥ ಕಡೆ ಎರಡು ಮಾತು ಹೆಚ್ಚು ಬರೆದಿದೀನಿ.

ನಾನು ಜಿಯಾಲಜಿ ಓದಿದವನಲ್ಲ. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್, ಕೆಲಸ ಹಿಂಜವಡಿಯಲ್ಲಿ, ಮನೆ ಪಿಂಪ್ರಿ-ಚಿಂಚವಾಡದಲ್ಲಿ. ನಿಮ್ಮಲ್ಲಿ ಸುಮಾರು ಜನರ ಕಥೆಯೂ ಇದೇ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ದಾವಣಗೆರೆ ಕಡೆಯಿಂದ ಬಂದು, ನಾಲ್ಕೈದು ವರ್ಷ ಬಾಡಿಗೆ ಕಟ್ಟಿ, "ಇನ್ನು ಸಾಕು, ಸ್ವಂತದ್ದೊಂದು ತೊಗೊಳ್ಳೋಣ" ಅನ್ನೋ ಹಂತಕ್ಕೆ ಬಂದಿರ್ತೀವಿ. ನಾನೂ ಹಾಗೇ ಒಂದು ಫ್ಲ್ಯಾಟಿಗೆ ಟೋಕನ್ ಕೊಟ್ಟೆ. ನಗರದ ಪಶ್ಚಿಮದ ಅಂಚು, ಬ್ರೋಷರ್ ತುಂಬ "ಹಿಲ್ ವ್ಯೂ". ಅದೇ ಪ್ರಾಜೆಕ್ಟಿನಲ್ಲಿ ನಮ್ಮ ಟೀಮಿನ ಇನ್ನೊಬ್ಬ ಕನ್ನಡದ ಹುಡುಗನೂ ನೋಡ್ತಿದ್ದ. ಇಬ್ಬರಿಗೂ ಅನುಕೂಲ ಆಗಲಿ ಅಂತ ನಾನು ಒಂದು ಹಳೇ ನಕ್ಷೆ ತೊಗೊಂಡು ಲೆಕ್ಕ ಹಾಕಿದೆ. ಆ ಲೆಕ್ಕದಲ್ಲಿ ಒಂದು ಬಗ್ ಇತ್ತು. ಅದರ ಬೆಲೆ ತೆತ್ತವನು ನಾನಲ್ಲ, ಅವನು. ಆ ಕಥೆ ಆಮೇಲೆ ಹೇಳ್ತೀನಿ. ಮೊದಲು ಈ ಬೆಟ್ಟಗಳು ಅರ್ಥ ಆಗಬೇಕು.

ಬೆಟ್ಟ ಅಲ್ಲ, ಮೆಟ್ಟಿಲು

ವಿಡಿಯೋದಲ್ಲಿ ಮೊದಲು ಎರಡು ಫೋಟೋ ಪಕ್ಕಪಕ್ಕ ಇಟ್ಟಿದ್ದೆ. ಒಂದು ಮಾಗಡಿ ಹತ್ತಿರದ ಸಾವನದುರ್ಗ, ಇನ್ನೊಂದು ಇಲ್ಲಿನ ಸಿಂಹಗಡ. ಸಾವನದುರ್ಗ ಬೋರಲು ಹಾಕಿದ ಕಡಾಯಿ ಥರ, ನುಣ್ಣಗೆ ಗುಂಡಗೆ. ಅದು ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯದು. ಸಿಂಹಗಡ ಹಾಗಲ್ಲ. ನೆತ್ತಿ ಚಪ್ಪಟೆ, ಅದರ ಕೆಳಗೆ ನೆಟ್ಟಗೆ ಕಡಿದಂಥ ಕಲ್ಲಿನ ಗೋಡೆ, ಗೋಡೆಯ ಬುಡಕ್ಕೆ ಇಳಿಜಾರು, ಮತ್ತೆ ಒಂದು ಗೋಡೆ, ಮತ್ತೆ ಇಳಿಜಾರು.

ಈ ಮೆಟ್ಟಿಲು ಜ್ವಾಲಾಮುಖಿಯ ಕೆಲಸ. ಆದರೆ ಫೂಜಿ ಪರ್ವತದ ಥರ ಶಂಕುವಿನಾಕಾರದ ಜ್ವಾಲಾಮುಖಿ ಅಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ, ಡೈನೋಸಾರುಗಳು ಅಳಿದುಹೋದ ಕಾಲದ ಆಸುಪಾಸಿನಲ್ಲಿ, ಇಲ್ಲಿ ನೆಲ ಬಿರುಕು ಬಿಟ್ಟು ಲಾವಾ ಉಕ್ಕಿತು. ಒಂದು ಹರಿವು ಬಂದು ಹಾಸಿಕೊಂಡು ತಣ್ಣಗಾಗೋದು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ದೋಸೆ ಮೇಲೆ ದೋಸೆ ಪೇರಿಸಿದ ಹಾಗೆ. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಈ ಬಸಾಲ್ಟ್ ಕಲ್ಲಿನ ಕೆಳಗಿದೆ. ಅಂದ್ರೆ ಎರಡೂವರೆ ಕರ್ನಾಟಕ. ಘಟ್ಟದ ಅಂಚಿನಲ್ಲಿ ಈ ಪೇರಿಕೆಯ ದಪ್ಪ ಎರಡು ಕಿಲೋಮೀಟರ್ ಹತ್ತಿರ ಹೋಗುತ್ತೆ.

ಪ್ರತಿ ಹರಿವಿನಲ್ಲೂ ಎರಡು ಥರದ ಕಲ್ಲು ಇರುತ್ತೆ. ಒಳಗಿನದು ನಿಧಾನಕ್ಕೆ ತಣ್ಣಗಾದ ಗಟ್ಟಿ ಕಲ್ಲು. ಅದು ಸವೆಯೋದು ಕಷ್ಟ, ಅದಕ್ಕೇ ಗೋಡೆಯಾಗಿ ನಿಲ್ಲುತ್ತೆ. ಮೇಲ್ಭಾಗದಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿಹಾಕಿಕೊಂಡು ತೂತುತೂತಾದ ಕಲ್ಲು. ಅದು ಬೇಗ ಗರಸಾಗಿ ಪುಡಿಯಾಗುತ್ತೆ, ಅಲ್ಲಿ ಇಳಿಜಾರು ಬರುತ್ತೆ. ಗಟ್ಟಿ, ಮೆತ್ತಗೆ, ಗಟ್ಟಿ, ಮೆತ್ತಗೆ, ಹೀಗೆ ಮೆಟ್ಟಿಲು ಆಯ್ತು. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗೆ "ಟ್ರಾಪ್ಪಾ" ಅಂತಾರೆ. ವಿಲಿಯಂ ಹೆನ್ರಿ ಸೈಕ್ಸ್ ಅನ್ನೋ ಸೇನಾಧಿಕಾರಿ 1830ರ ದಶಕದಲ್ಲಿ ಈ ಸೀಮೆಯ ಬಗ್ಗೆ ಬರೆಯುತ್ತಾ "ದಖ್ಖನ್ ಟ್ರ್ಯಾಪ್" ಅನ್ನೋ ಹೆಸರನ್ನ ಬಳಕೆಗೆ ತಂದ.

ಮರಾಠರ ಕೋಟೆಗಳು ಈ ಮೆಟ್ಟಿಲನ್ನೇ ಬಳಸಿಕೊಂಡವು. ರಾಜಗಡಕ್ಕೆ ಹೋದವರಿಗೆ ಗೊತ್ತಿರುತ್ತೆ, ಕೆಳಗಿನ ಹಂತದ ಚಪ್ಪಟೆ ಜಾಗಕ್ಕೆ "ಮಾಚಿ" ಅಂತಾರೆ, ಮೇಲಿನ ಹಂತಕ್ಕೆ "ಬಾಲೇಕಿಲ್ಲಾ". ಅರ್ಧ ಗೋಡೆ ಲಾವಾ ಕಟ್ಟಿಕೊಟ್ಟಿತ್ತು, ಉಳಿದರ್ಧ ಇವರು ಕಟ್ಟಿದರು.

ಇದು ಬರೀ ಮಹಾರಾಷ್ಟ್ರದ ಕಥೆ ಅನ್ಕೋಬೇಡಿ. ನಾನು ವಿಜಯಪುರ ಜಿಲ್ಲೆಯವನು, ಡೋಣಿ ಹೊಳೆಯ ಕಡೆಯವನು. ನಮ್ಮೂರ ಎರೆ ಮಣ್ಣು ಇದೇ ಬಸಾಲ್ಟ್ ಸವೆದು ಆಗಿದ್ದು. ಗೋಳಗುಮ್ಮಟದ ಕಪ್ಪು ಕಲ್ಲೂ ಸಿಂಹಗಡದ ಕಲ್ಲೂ ಒಂದೇ ಜಾತಿ. ಈ ಲಾವಾ ಪದರಗಳಿಗೆ ಭೂವಿಜ್ಞಾನಿಗಳು ಊರಿನ ಹೆಸರಿಟ್ಟಿದ್ದಾರೆ: ಖಂಡಾಳಾ, ಪೋಲಾದಪುರ, ಮಹಾಬಳೇಶ್ವರ, ಪನ್ಹಾಳಾ, ಕೊನೆಗೆ ದೇಸೂರ. ಆ ದೇಸೂರ ಎಲ್ಲಿದೆ ಗೊತ್ತಾ? ಬೆಳಗಾವಿ ಹತ್ತಿರ. ದಕ್ಷಿಣದಲ್ಲಿ ಟ್ರ್ಯಾಪ್ ಸೀಮೆ ಮುಗಿಯೋದು ಆ ಭಾಗದಲ್ಲೇ. ಪುಣೆಯಿಂದ ಊರಿಗೆ ಬಸ್ಸಿನಲ್ಲಿ ಹೋಗೋವಾಗ ಬೆಳಗಾವಿ ದಾಟಿದ ಮೇಲೆ ಬೆಟ್ಟದ ಆಕಾರ ಬದಲಾಗೋದನ್ನ ಒಮ್ಮೆ ಕಿಟಕಿಯಿಂದ ಗಮನಿಸಿ.

ನಕ್ಷೆ ಮಾಡಿದವರು

ಈ ನೆಲವನ್ನ ಅಳೆಯೋ ಕೆಲಸಕ್ಕೂ ನಮ್ಮ ಕಡೆಗೂ ನಂಟಿದೆ. ಟಿಪ್ಪು ಸತ್ತಿದ್ದು 1799ರಲ್ಲಿ. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಒಂದು ಬೇಸ್‌ಲೈನ್ ಅಳೆದ. 1802ರಲ್ಲಿ ಮದ್ರಾಸಿನಿಂದ ಶುರುವಾದ ತ್ರಿಕೋನ ಸರ್ವೆಯೇ ಮುಂದೆ ಇಡೀ ದೇಶಕ್ಕೆ ಹಬ್ಬಿತು. ಲ್ಯಾಂಬ್ಟನ್ 1823ರಲ್ಲಿ ಈಗಿನ ಮಹಾರಾಷ್ಟ್ರದ ಹಿಂಗಣಘಾಟದಲ್ಲಿ, ಕೆಲಸದ ಮೇಲಿದ್ದಾಗಲೇ ತೀರಿಕೊಂಡ. ಆಮೇಲೆ ಜವಾಬ್ದಾರಿ ಹೊತ್ತವನು ಜಾರ್ಜ್ ಎವರೆಸ್ಟ್. ಈ ಹೆಸರು ನೆನಪಿಡಿ, ನನ್ನ ಬಗ್ಗಿನ ಕಥೆಯಲ್ಲಿ ಮತ್ತೆ ಬರುತ್ತೆ.

19ನೇ ಶತಮಾನದ ನಕ್ಷೆಗಳಲ್ಲಿ ಬೆಟ್ಟ ತೋರಿಸ್ತಿದ್ದಿದ್ದು ಸಣ್ಣ ಸಣ್ಣ ಗೀಟುಗಳಿಂದ. ಇಳಿಜಾರು ಕಡಿದಾಗಿದ್ದರೆ ಗೀಟು ದಟ್ಟ. ಇದಕ್ಕೆ ಹ್ಯಾಶೂರ್ ಅಂತಾರೆ. ನೋಡೋಕೆ ಚಂದ, ಸಹ್ಯಾದ್ರಿ ಪೂರ್ತಿ ಕಾಗದದ ಮೇಲೆ ಕಂಬಳಿಹುಳು ಹರಿದಾಡಿದ ಹಾಗೆ ಕಾಣುತ್ತೆ. ಆದರೆ ಎತ್ತರ ಎಷ್ಟು ಅಂತ ಅದರಿಂದ ಓದೋಕೆ ಆಗಲ್ಲ. ಮೆಟ್ಟಿಲು ಎಷ್ಟಿವೆ ಅಂತ ಎಣಿಸೋಕೂ ಆಗಲ್ಲ.

1904-05ರಲ್ಲಿ ಒಂದು ಸಮಿತಿ ಕೂತು ಸರ್ವೆ ಆಫ್ ಇಂಡಿಯಾದ ಕೆಲಸದ ರೀತಿಯನ್ನೇ ಬದಲಾಯಿಸಿತು. ಅಲ್ಲಿಂದ ಒಂದು ಇಂಚಿಗೆ ಒಂದು ಮೈಲಿ ಅಳತೆಯ, ಬಣ್ಣದ, ಕಂಟೂರ್ ಗೆರೆಗಳ ಹೊಸ ಶೀಟುಗಳು ಬರತೊಡಗಿದವು. ಸ್ವಾತಂತ್ರ್ಯದ ನಂತರ ಮೆಟ್ರಿಕ್ ಆಗಿ 1:50,000 ಬಂತು. ನಾನು "ಹಳೇ ನಕ್ಷೆ" ಅಂತಿರೋದು ಈ ಎರಡು ತಲೆಮಾರಿನ ಶೀಟುಗಳಿಗೆ.

ನಿಮ್ಮ ಮನೆಯ ಶೀಟ್ ನಂಬರ್

ಶೀಟ್ ನಂಬರಿನ ಲೆಕ್ಕ ನಮ್ಮ ಮಂದಿಗೆ ಇಷ್ಟ ಆಗುತ್ತೆ, ಯಾಕಂದ್ರೆ ಇದು ಅಚ್ಚುಕಟ್ಟಾದ ಒಂದು ಟ್ರೀ. ದೇಶವನ್ನ 4 ಡಿಗ್ರಿಗೆ 4 ಡಿಗ್ರಿ ಚೌಕಗಳಾಗಿ ಹಂಚಿ ನಂಬರ್ ಕೊಟ್ಟಿದ್ದಾರೆ. ನಮ್ಮದು 47, ಅಂದ್ರೆ ಅಕ್ಷಾಂಶ 16ರಿಂದ 20, ರೇಖಾಂಶ 72ರಿಂದ 76. ಅದರೊಳಗೆ ಒಂದೊಂದು ಡಿಗ್ರಿಯ 16 ಚೌಕ, ಇಂಗ್ಲಿಷಿನ ಎ ಇಂದ ಪಿ ವರೆಗೆ. ಅಕ್ಷರಗಳು ಮೇಲಿಂದ ಕೆಳಕ್ಕೆ ಇಳಿದು, ಆಮೇಲೆ ಬಲಕ್ಕೆ ಹೋಗುತ್ತವೆ. ಪ್ರತಿ ಅಕ್ಷರದೊಳಗೆ ಮತ್ತೆ ಅದೇ ಕ್ರಮದಲ್ಲಿ 1ರಿಂದ 16. ಒಂದು ಶೀಟ್ ಅಂದ್ರೆ 15 ನಿಮಿಷಕ್ಕೆ 15 ನಿಮಿಷ, ನಮ್ಮ ಭಾಗದಲ್ಲಿ ಸುಮಾರು 26 ಕಿ.ಮೀ. ಅಗಲ, 28 ಕಿ.ಮೀ. ಉದ್ದ.

ಪಿಂಪ್ರಿ, ಚಿಂಚವಾಡ, ವಾಕಡ್ ಇರೋದು 47 ಎಫ್/14ರಲ್ಲಿ. ಹಿಂಜವಡಿ 47 ಎಫ್/10ರಲ್ಲಿ. ನಡುವಿನ ಗೆರೆ 73 ಡಿಗ್ರಿ 45 ನಿಮಿಷದ ರೇಖಾಂಶ. ದಿನಾ ಬೆಳಿಗ್ಗೆ ವಾಕಡ್ ದಾಟಿ ಆಫೀಸಿಗೆ ಹೋಗೋವಾಗ ಟ್ರಾಫಿಕ್ಕಿನಲ್ಲಿ ನಿಂತುನಿಂತು ನೀವು ಒಂದು ಶೀಟಿನಿಂದ ಇನ್ನೊಂದಕ್ಕೆ ದಾಟ್ತಿದ್ದೀರಿ. ಸಿಂಹಗಡ ಎಫ್/15, ಲೋಣಾವಳಾ ಮತ್ತು ಲೋಹಗಡ ಎಫ್/6. ಬೆಳಗಾವಿಯವರು 48 ಐ ಹುಡುಕಿ.

ಗೆರೆ ಓದೋದು

ಕಂದು ಗೆರೆ ಅಂದ್ರೆ ಕಂಟೂರ್. ಶಾಲೆಯಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ವಲ್ಲ, ಅದೇ. ಒಂದು ಗೆರೆಯ ಮೇಲಿನ ಎಲ್ಲ ಜಾಗ ಒಂದೇ ಎತ್ತರ. 1:50,000 ಶೀಟಿನಲ್ಲಿ ಗೆರೆಯಿಂದ ಗೆರೆಗೆ ಸಾಮಾನ್ಯವಾಗಿ 20 ಮೀಟರ್. ಗೆರೆಗಳು ಹತ್ತಿರ ಬಂದರೆ ಕಡಿದು, ದೂರ ಹೋದರೆ ಸಮತಟ್ಟು.

ಸಾವನದುರ್ಗವನ್ನ ನಕ್ಷೆಯಲ್ಲಿ ನೋಡಿದರೆ ಈರುಳ್ಳಿ ಅಡ್ಡ ಕೊಯ್ದ ಹಾಗೆ, ಸುತ್ತು ಒಳಗೆ ಸುತ್ತು. ಸಿಂಹಗಡ ಅಥವಾ ಲೋಹಗಡದಲ್ಲಿ ಹಾಗಿಲ್ಲ. ನಾಲ್ಕೈದು ಗೆರೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಆಮೇಲೆ ದೊಡ್ಡ ಖಾಲಿ ಜಾಗ, ಮತ್ತೆ ಅಂಟಿಕೊಂಡ ಗೆರೆ. ಐದು ಗೆರೆ ಅಂಟಿದ್ದರೆ ಅದು ನೂರು ಮೀಟರ್ ಹತ್ತಿರದ ಗೋಡೆ. ಖಾಲಿ ಜಾಗ ಅಂದ್ರೆ ಮಾಚಿ. ಇದನ್ನ ಒಮ್ಮೆ ಗುರುತಿಸಿದರೆ ಸಾಕು, ಆಮೇಲೆ ಜಾಗದ ಹೆಸರು ಮುಚ್ಚಿಟ್ಟರೂ "ಇದು ಟ್ರ್ಯಾಪ್ ಸೀಮೆ" ಅಂತ ಹೇಳಿಬಿಡ್ತೀರಿ.

ಇನ್ನೊಂದು ಗುರುತು: ಕಂಟೂರ್ ಗೆರೆ ಇಂಗ್ಲಿಷ್ ವಿ ಅಕ್ಷರದ ಥರ ಮಡಚಿ, ಅದರ ಮೂತಿ ಬೆಟ್ಟದ ಕಡೆ ತಿರುಗಿದ್ದರೆ ಅಲ್ಲಿ ನೀರಿನ ದಾರಿ ಇದೆ. ನಕ್ಷೆಯಲ್ಲಿ ಹಳ್ಳ ಬರೆಯದೇ ಇದ್ದರೂ ಇದೆ.

ಈಗ ಈ ಲೇಖನದ ಮುಖ್ಯ ಮಾತು. ಸರ್ವೆ ಆಫ್ ಇಂಡಿಯಾ ಶೀಟಿನಲ್ಲಿ ವರ್ಷವಿಡೀ ನೀರಿರೋ ಹೊಳೆ, ಕೆರೆ ನೀಲಿ. ಆದರೆ ಮಳೆಗಾಲ ಬಿಟ್ಟರೆ ಒಣಗಿರೋ ಹಳ್ಳಕ್ಕೆ ಬಣ್ಣ ಕಪ್ಪು. ಹೊಸಬರು ಇದನ್ನ ಕಾಲುದಾರಿ ಅನ್ಕೋತಾರೆ. ಕಾಲುದಾರಿ, ಬಂಡಿದಾರಿ ಎಲ್ಲ ಕೆಂಪು. ಕಪ್ಪಗೆ, ಸಣ್ಣಗೆ, ಅಂಕುಡೊಂಕಾಗಿ ಬೆಟ್ಟದಿಂದ ಇಳಿದು ಹೊಳೆ ಸೇರೋ ಗೆರೆ ಹಳ್ಳ. ಪಕ್ಕದಲ್ಲಿ ಒಂದು ಅಂಕಿ, ಅದಕ್ಕೆ ಅಂಟಿ ಇಂಗ್ಲಿಷಿನ ಸಣ್ಣ ಆರ್ ಅಕ್ಷರ ಇದ್ದರೆ, ಅದು ಅಲ್ಲಿ ದಡ ಎಷ್ಟು ಎತ್ತರ ಅನ್ನೋ ಲೆಕ್ಕ.

ಟ್ರ್ಯಾಪ್ ಸೀಮೆಯಲ್ಲಿ ಈ ಕಪ್ಪು ಗೆರೆ ಯಾಕೆ ಮುಖ್ಯ ಅಂದ್ರೆ, ಗಟ್ಟಿ ಬಸಾಲ್ಟ್ ನೀರು ಕುಡಿಯೋದು ಕಡಿಮೆ. ಬಿದ್ದ ಮಳೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಧುಮುಕಿ ನೇರ ಹಳ್ಳಕ್ಕೆ. ಹತ್ತು ತಿಂಗಳು ಧೂಳೆಬ್ಬಿಸ್ಕೊಂಡು ಬಿದ್ದಿರೋ ಹಳ್ಳ ಎರಡು ತಾಸಿನ ಜೋರು ಮಳೆಗೆ ತುಂಬುತ್ತೆ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢಾ ಹೀಗೇ ಉಕ್ಕಿತು. ಕಾತ್ರಜ್ ಬೆಟ್ಟದಲ್ಲಿ ಹುಟ್ಟಿ ಊರೊಳಗೆ ಹರಿದು ಮುಠಾ ನದಿ ಸೇರೋ ಪುಟ್ಟ ಹಳ್ಳ ಅದು. ಆ ರಾತ್ರಿಯ ಮಳೆಗೆ ಪುಣೆ ಮತ್ತು ಸುತ್ತಮುತ್ತ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮರಾಠಿಯಲ್ಲಿ ಓಢಾ ಅಂದ್ರೆ ನಮ್ಮ ಹಳ್ಳ.

ಇನ್ನು ಪವನಾ ನದಿ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಆದರೆ, ಅರವತ್ತು ಎಪ್ಪತ್ತು ಕಿ.ಮೀ. ದೂರದ ಲೋಣಾವಳಾದಲ್ಲಿ 4,000 ಮಿ.ಮೀ. ದಾಟುತ್ತೆ. ಪವನಾ ಹುಟ್ಟೋದು ಆ ಘಟ್ಟದ ಕಡೆ. ಇಲ್ಲಿ ಬಿಸಿಲಿದ್ದರೂ ಅಣೆಕಟ್ಟಿನಿಂದ ನೀರು ಬಿಟ್ಟರೆ ಚಿಂಚವಾಡದ ಮೋರಯಾ ಗೋಸಾವಿ ಗುಡಿಗೆ ನೀರು ಬರೋದನ್ನ ನೀವೇ ನೋಡಿರ್ತೀರಿ.

ನಕ್ಷೆಯಲ್ಲಿ ಇಲ್ಲದ್ದು, ಊರಲ್ಲಿ ಇಲ್ಲದ್ದು

ಹಳೇ ಶೀಟನ್ನ ಇವತ್ತಿನ ಸ್ಯಾಟಲೈಟ್ ಚಿತ್ರದ ಪಕ್ಕ ಇಟ್ಟರೆ ಮೊದಲು ಕಣ್ಣಿಗೆ ಬೀಳೋದು ಕೆರೆಗಳು. ನಾವು ವೀಕೆಂಡ್ ಟೆಂಟ್ ಹಾಕೋ ಪವನಾ ಹಿನ್ನೀರು ಹಳೇ ಶೀಟಿನಲ್ಲಿ ಇಲ್ಲ. ಅಲ್ಲಿ ಹೊಳೆ, ಗದ್ದೆ, ಹಳ್ಳಿಗಳಿವೆ. ಮುಳಶಿ ಕೆರೆಯೂ ಅಷ್ಟೆ. ಟಾಟಾ ಕಂಪನಿ ವಿದ್ಯುತ್ತಿಗಾಗಿ ಅಲ್ಲಿ ಅಣೆಕಟ್ಟು ಕಟ್ಟೋಕೆ ಹೊರಟಾಗ, 1921ರಲ್ಲಿ ರೈತರು ಸೇನಾಪತಿ ಬಾಪಟರ ಜೊತೆ ಸತ್ಯಾಗ್ರಹಕ್ಕೆ ಇಳಿದರು. ಕೆಲಸ ಕೆಲಕಾಲ ನಿಂತಿತು, ಕೊನೆಗೆ ಅಣೆಕಟ್ಟು ಆಯ್ತು, ಹಳ್ಳಿಗಳು ಮುಳುಗಿದವು. ಅಣೆಕಟ್ಟಿಗೆ ಮುಂಚಿನ ಸರ್ವೆಯಲ್ಲಿ ಆ ಕಣಿವೆಯ ಹಳ್ಳಿಗಳ ಹೆಸರು ಇನ್ನೂ ಕೂತಿರುತ್ತೆ. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳಕೊಂಡ ಬಾಗಲಕೋಟೆ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ನಗರ. ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಪಿಂಪ್ರಿಗೆ ಬಂದಿದ್ದು 1954ರಲ್ಲಿ, ಎಂಐಡಿಸಿ ಶುರುವಾಗಿದ್ದು 1960ರ ದಶಕದಲ್ಲಿ, ನಗರಸಭೆ ಆಗಿದ್ದು 1970ರಲ್ಲಿ, ಮಹಾನಗರಪಾಲಿಕೆ 1982ರಲ್ಲಿ. ಅದಕ್ಕೂ ಹಿಂದಿನ ಶೀಟಿನಲ್ಲಿ ಪಿಂಪ್ರಿ ಅಂದ್ರೆ ರೈಲು ಹಳಿಯ ಪಕ್ಕದ ಒಂದು ಹಳ್ಳಿ. ಚಿಂಚವಾಡ ಅಂದ್ರೆ ಹೊಳೆ ದಂಡೆಯ ಗುಡಿ, ಒಂದಿಷ್ಟು ಮನೆ. ಸುತ್ತ ಹೊಲ. ಆ ಹೊಲಗಳ ನಡುವೆ ಕಪ್ಪು ಗೆರೆಗಳು, ಎಲೆಯ ನರದ ಹಾಗೆ. ಇವತ್ತಿನ ಚಿತ್ರದಲ್ಲಿ ಹೊಲ ಇಲ್ಲ, ಗೆರೆಯೂ ಇಲ್ಲ. ಹೊಲ ಹೋಗಿದ್ದು ನಿಜ. ಗೆರೆ ಹೋಗಿಲ್ಲ, ಮುಚ್ಚಿಹೋಗಿದೆ ಅಷ್ಟೆ.

ನನ್ನ ಬಗ್

ನನ್ನ ಹತ್ತಿರ ಇದ್ದಿದ್ದು ಒಬ್ಬ ಟ್ರೆಕ್ಕಿಂಗ್ ಗೆಳೆಯ ಕೊಟ್ಟ ಹಳೇ ಒಂದಿಂಚಿನ ಶೀಟಿನ ಸ್ಕ್ಯಾನ್. ಅದನ್ನ ಕ್ಯೂಜಿಐಎಸ್‌ನಲ್ಲಿ ತೆರೆದು, ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶ ಕೊಟ್ಟು, ಸ್ಯಾಟಲೈಟ್ ಚಿತ್ರದ ಮೇಲೆ ಹೊದಿಸಿದೆ. ನಾವು ನೋಡ್ತಿದ್ದ ಪ್ರಾಜೆಕ್ಟಿನ ಹತ್ತಿರ ಒಂದು ಕಪ್ಪು ಗೆರೆ ಇತ್ತು. ಆದರೆ ಅದು ಪಕ್ಕದ ಖಾಲಿ ಸೈಟಿನಲ್ಲಿ ಹೋಗ್ತಿತ್ತು. ಎದೆ ಹಗುರ ಆಯ್ತು.

ಆದರೂ ಒಂದು ಟೆಸ್ಟ್ ಮಾಡೋಣ ಅಂತ ರೈಲು ಹಳಿ ನೋಡಿದೆ. ಈ ದಾರಿಯಲ್ಲಿ ರೈಲು ಓಡೋಕೆ ಶುರುವಾಗಿದ್ದು 1858ರಲ್ಲಿ. ಪಿಂಪ್ರಿಯಿಂದ ಆಕುರ್ಡಿವರೆಗೆ ಹಳೇ ನಕ್ಷೆಯ ಹಳಿ ಇವತ್ತಿನ ಹಳಿಯ ಮೇಲೆ ಹೆಚ್ಚುಕಡಿಮೆ ಸರಿಯಾಗಿ ಕೂತಿತ್ತು. ಟೆಸ್ಟ್ ಪಾಸ್. ಸ್ಕ್ರೀನ್‌ಶಾಟ್ ತೆಗೆದು ಆ ಹುಡುಗನಿಗೆ ವಾಟ್ಸ್ಯಾಪ್ ಮಾಡಿದೆ, "ನಮ್ಮ ಪ್ಲಾಟ್ ಸೇಫ್ ಇದೆ, ಹಳ್ಳ ಪಕ್ಕದಲ್ಲಿ ಹೋಗುತ್ತೆ." ಅವನು ಅದೇ ವಾರ ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಿದ.

ಎಂಟು ದಿನ ಆದ ಮೇಲೆ ಸುಮ್ಮನೆ ನೋಡ್ತಾ ಕೂತಿದ್ದಾಗ ದಾಪೋಡಿ ಕಡೆ ಕಣ್ಣು ಹೋಯಿತು. ಅದೇ ಹಳಿ ಅಲ್ಲಿ ಮುಳಾ ನದಿ ದಾಟುತ್ತೆ. ಹಳೇ ನಕ್ಷೆಯ ಸೇತುವೆ ಇವತ್ತಿನ ಸೇತುವೆಯಿಂದ ನೂರು ಮೀಟರಿಗೂ ಹೆಚ್ಚು ದೂರ ಕೂತಿತ್ತು, ನದಿಯೂ ಅಷ್ಟೇ ಜರುಗಿತ್ತು. ಹಳಿ ಸರಿ, ಸೇತುವೆ ತಪ್ಪು, ಇದು ಹೇಗೆ ಸಾಧ್ಯ? ಆಮೇಲೆ ಹೊಳೀತು. ಇಲ್ಲಿ ಹಳಿ ಓಡೋದು ಆಗ್ನೇಯದಿಂದ ವಾಯವ್ಯಕ್ಕೆ. ನನ್ನ ನಕ್ಷೆ ಪೂರ್ತಿ ಜರುಗಿದ್ದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ. ಹಳಿಯ ಉದ್ದಕ್ಕೇ ಜರುಗಿದರೆ ಹಳಿ ಹಳಿಯ ಮೇಲೇ ಇರುತ್ತೆ, ತಪ್ಪು ಕಾಣೋದೇ ಇಲ್ಲ. ಪಾಸ್ ಆಗಲಿ ಅಂತಲೇ ಬರೆದಂಥ ಟೆಸ್ಟ್ ಕೇಸ್ ಅದು.

ಕಾರಣ ಏನಪ್ಪಾ ಅಂದ್ರೆ, ಭೂಮಿ ಪೂರ್ತಿ ಗೋಳ ಅಲ್ಲ. ನಕ್ಷೆ ಮಾಡೋರು ಅದಕ್ಕೊಂದು ಗಣಿತದ ಆಕಾರ ಕೊಡ್ತಾರೆ. ಹಳೇ ಶೀಟುಗಳು ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಆಕಾರವನ್ನ ಬಳಸ್ತವೆ, ಮೂಲಬಿಂದು ಮಧ್ಯಪ್ರದೇಶದ ಕಲ್ಯಾಣಪುರ (ನಮ್ಮ ಬಸವಕಲ್ಯಾಣ ಅಲ್ಲ). ಜಿಪಿಎಸ್ ಬಳಸೋದು ಡಬ್ಲ್ಯೂಜಿಎಸ್ 84. ಎರಡರಲ್ಲೂ "18 ಡಿಗ್ರಿ 38 ನಿಮಿಷ" ಅಂತ ಬರೆದಿದ್ದರೂ ನೆಲದ ಮೇಲೆ ಅದು ಒಂದೇ ಜಾಗ ಅಲ್ಲ. ಐಎಸ್‌ಟಿ ಟೈಮ್‌ಸ್ಟ್ಯಾಂಪನ್ನ ಯುಟಿಸಿ ಅಂತ ಓದಿದ ಹಾಗೆ. ಅಂಕಿ ಸರಿ, ಅರ್ಥ ತಪ್ಪು. ನಮ್ಮ ಭಾಗದಲ್ಲಿ ಈ ವ್ಯತ್ಯಾಸ ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು, ಸರಿ ಮಾಡಿದಾಗ ನಕ್ಷೆ ವಾಯವ್ಯಕ್ಕೆ ಸರಿಯುತ್ತೆ. 19ನೇ ಶತಮಾನದ ಶೀಟಾದರೆ ಇನ್ನೂ ದೊಡ್ಡ ಗುಂಡಿ ಇದೆ: ಆಗ ಮದ್ರಾಸಿನ ರೇಖಾಂಶದ ಲೆಕ್ಕವೇ 2 ನಿಮಿಷ 27 ಸೆಕೆಂಡು ಹೆಚ್ಚಿತ್ತು, ಇಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು.

ಡೇಟಮ್ ಸರಿ ಮಾಡಿದೆ. ದಾಪೋಡಿ ಸೇತುವೆ ಸೇತುವೆಯ ಮೇಲೆ ಕೂತಿತು. ಕಪ್ಪು ಗೆರೆ ಪಕ್ಕದ ಸೈಟ್ ಬಿಟ್ಟು ಎದ್ದು ಬಂದು ನಮ್ಮ ಪ್ರಾಜೆಕ್ಟಿನ ಮಧ್ಯೆ ಮಲಗಿತು.

ನೆಲಕ್ಕೆ ಹೋಗಿ ನೋಡಿದ್ದು

ಆ ಭಾನುವಾರ ಮಳೆಯಲ್ಲೇ ಸೈಟಿಗೆ ಹೋದೆ. ಸೇಲ್ಸ್ ಆಫೀಸಿನ ಹುಡುಗ "ಸರ್, ಅದು ಡ್ರೈ ನಾಲಾ ಇತ್ತು, ಈಗ ಪೈಪ್ ಹಾಕಿದ್ದಾರೆ" ಅಂದ. ಎದುರಿಗಿನ ಟಪರಿಯಲ್ಲಿ ಚಹಾ ಮಾಡ್ತಿದ್ದ ಕಾಕಾಗೆ ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಅವರು ಲೋಟ ತೊಳೀತಾನೇ ಕೈ ಮಾಡಿ ತೋರಿಸಿದರು, "ಇಥೆಚ್ ಓಢಾ ಹೋತಾ." ಇಲ್ಲೇ ಹಳ್ಳ ಇತ್ತು. ಅವರ ಕೈ ಹೋದ ದಿಕ್ಕು, ನನ್ನ ಲ್ಯಾಪ್‌ಟಾಪಿನ ಗೆರೆ ಎರಡೂ ಒಂದೇ. ಮಳೆಗಾಲದಲ್ಲಿ ಎತ್ತು ದಾಟ್ತಿರಲಿಲ್ಲ ಅಂತಲೂ ಹೇಳಿದರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅವರು ನಕ್ಷೆ ಗಿಕ್ಷೆ ಏನೂ ಕೇಳಲಿಲ್ಲ. "ಹಳ್ಳದಾಗ ಮನಿ ಕಟ್ಟಬಾರದಂತ ನಿನಗ ಎಂಟೆಕ್ ಮಾಡಿ ತಿಳೀಬೇಕಾತೇನು? ಡೋಣಿ ದಂಡಿಯವ ನೀ. ಹಳ್ಳ ತನ್ನ ದಾರಿ ಮರಿಯೂದಿಲ್ಲಪ್ಪ" ಅಂದರು.

ನಾನು ಹಿಂದೆ ಸರಿದೆ. ಟೋಕನ್ ಪೂರ್ತಿ ವಾಪಸ್ ಬರಲಿಲ್ಲ, ಬಿಟ್ಟೆ. ಆ ಹುಡುಗನಿಗೆ ತಕ್ಷಣ ಹೇಳಿದೆ. ಅವನ ಲೋನ್ ಮಂಜೂರಾಗಿ ಸ್ಟ್ಯಾಂಪ್ ಡ್ಯೂಟಿ ಕಟ್ಟಾಗಿತ್ತು. "ಹೋಗ್ಲಿ ಬಿಡು, ಏಳನೇ ಮಹಡಿ ತಾನೆ" ಅಂದ. 2024ರ ಜುಲೈ ಮಳೆಗೆ ಅವನ ಏಳನೇ ಮಹಡಿಗೆ ಏನೂ ಆಗಲಿಲ್ಲ. ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ್ದ ಕಾರು ಮುಳುಗಿತು. ಲಿಫ್ಟ್ ನಿಂತಿತು, ಎರಡು ದಿನ ಕರೆಂಟ್ ಇಲ್ಲ. ಅವರ ಅಮ್ಮ ಮಂಡಿನೋವಿನವರು, ಊರಿಂದ ಬಂದಿದ್ದವರು ಕೆಳಗೆ ಇಳಿಯೋಕಾಗದೆ ಮೇಲೇ ಉಳಿದರು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೇದಿತ್ತು.

ನೀವು ಮಾಡಬೇಕಾದ್ದು

ಒಂದು. ಮೊದಲು ಶೀಟ್ ನಂಬರ್ ಹುಡುಕಿ, ಸರ್ವೆ ಆಫ್ ಇಂಡಿಯಾದ ಪೋರ್ಟಲ್‌ನಲ್ಲಿ ನೋಡಿ. 2017ರಲ್ಲಿ "ನಕ್ಷೆ" ಅನ್ನೋ ಹೆಸರಲ್ಲಿ ಅವರು ಓಪನ್ ಸೀರೀಸ್ ಶೀಟುಗಳನ್ನ ಉಚಿತವಾಗಿ ಬಿಡೋಕೆ ಶುರು ಮಾಡಿದರು. ಇವು ಡಬ್ಲ್ಯೂಜಿಎಸ್ 84ರಲ್ಲೇ ಇವೆ, ಡೇಟಮ್ ತಲೆನೋವಿಲ್ಲ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಅಮೆರಿಕದ ಸೇನೆ ಮಾಡಿದ ಯು502 ಸರಣಿಯ ಭಾರತದ ನಕ್ಷೆಗಳು ಸಿಗ್ತವೆ. ಆದರೆ ಅದು 1:2,50,000, ನಕ್ಷೆಯ ಒಂದು ಮಿಲಿಮೀಟರ್ ಅಂದ್ರೆ ನೆಲದ ಮೇಲೆ 250 ಮೀಟರ್. ಕೆರೆ, ಹಳ್ಳಿ ನೋಡೋಕೆ ಸಾಕು, ಹಳ್ಳ ನೋಡೋಕೆ ಸಾಲದು.

ಎರಡು. ಹಳೇ ಶೀಟ್ ಹೊದಿಸೋದಾದರೆ ಡೇಟಮ್ ಸರಿಯಾಗಿ ಕೊಡಿ. ಚೆಕ್ ಮಾಡೋಕೆ ಒಂದೇ ಗೆರೆ ಸಾಲದು. ಬೇರೆ ಬೇರೆ ದಿಕ್ಕಿನಲ್ಲಿ ಹೋಗೋ ಎರಡು ವಸ್ತು ಬೇಕು, ಅಥವಾ ಜರುಗದ ಬಿಂದು: ಸೇತುವೆ, ಹಳೇ ಗುಡಿ, ಬೆಟ್ಟದ ತುದಿ.

ಮೂರು. ನಕ್ಷೆಯಿಂದ ಅದರ ಶಕ್ತಿಗೆ ಮೀರಿದ್ದು ಕೇಳಬೇಡಿ. 1:50,000 ಶೀಟಿನಲ್ಲಿ ಅರ್ಧ ಮಿಲಿಮೀಟರ್ ಅಂದ್ರೆ 25 ಮೀಟರ್. ಹಳ್ಳ ಯಾವ ಪ್ಲಾಟಿನಲ್ಲಿತ್ತು ಅಂತ ಹೇಳುತ್ತೆ, ಎ ವಿಂಗೋ ಬಿ ವಿಂಗೋ ಅಂತ ಹೇಳಲ್ಲ.

ನಾಲ್ಕು. ಹೊಳೆ ಹತ್ತಿರ ಇದ್ದರೆ ನೀಲಿ ರೇಖೆ, ಕೆಂಪು ರೇಖೆ ಕೇಳಿ. ನೀಲಿ ಅಂದ್ರೆ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ, ಕೆಂಪು ಅಂದ್ರೆ 100 ವರ್ಷಕ್ಕೊಮ್ಮೆಯದು. 2025ರ ಮೇ ತಿಂಗಳಲ್ಲಿ ಚಿಖಲಿಯಲ್ಲಿ ಇಂದ್ರಾಯಣಿ ನದಿಯ ನೀಲಿ ರೇಖೆಯೊಳಗೆ ಕಟ್ಟಿದ್ದ 36 ಬಂಗಲೆಗಳನ್ನ ಮಹಾನಗರಪಾಲಿಕೆ ಕೆಡವಿತು, ಹಸಿರು ನ್ಯಾಯಮಂಡಳಿಯ ಆದೇಶದ ಮೇಲೆ. ದುಡ್ಡು ಕೊಟ್ಟು ಕೊಂಡವರ ಕಣ್ಣೆದುರೇ ಬುಲ್ಡೋಜರ್ ಓಡಿತು. ನೆನಪಿರಲಿ, ಈ ರೇಖೆಗಳು ನದಿಗೆ. ಸಣ್ಣ ಹಳ್ಳಕ್ಕೆ ಕಪ್ಪು ಗೆರೆಯೇ ಗತಿ.

ಐದು. ನಾಲಾ ಕಂಡರೆ ಓಡಿಹೋಗಿ ಅಂತ ನಾನು ಹೇಳ್ತಿಲ್ಲ. ನೀರಿನ ದಾರಿ ಬಿಟ್ಟು, ಅಗಲದ ಕಾಲುವೆ ಇಟ್ಟು ಕಟ್ಟಿದ ಪ್ರಾಜೆಕ್ಟೂ ಇವೆ. ಆದರೆ "ಈ ಗೆರೆಯ ನೀರು ಈಗ ಎಲ್ಲಿ ಹೋಗುತ್ತೆ, ಅನುಮೋದನೆಯಾದ ಪ್ಲಾನಿನಲ್ಲಿ ತೋರಿಸಿ" ಅಂತ ಕೇಳಿ. ಉತ್ತರ ಬರವಣಿಗೆಯಲ್ಲಿ ತೊಗೊಳ್ಳಿ. ಆಮೇಲೆ ಜುಲೈ ತಿಂಗಳ ಒಂದು ಜೋರು ಮಳೆಯ ದಿನ ನೀವೇ ಹೋಗಿ ನಿಂತು ನೋಡಿ. ಎದುರಿನ ಟಪರಿಯಲ್ಲಿ ಒಂದು ಚಹಾ ಕುಡೀರಿ.

ಕೊನೆಗೆ ಒಂದು ಮಾತು. ಈ ಶೀಟುಗಳನ್ನ ಮಾಡಿದವರು ನಮ್ಮ ಫ್ಲ್ಯಾಟಿನ ಚಿಂತೆಯಿಂದ ಮಾಡಲಿಲ್ಲ. ಇಂಗ್ಲಿಷರಿಗೆ ಬೇಕಿದ್ದಿದ್ದು ಸೈನ್ಯದ ದಾರಿ, ಕಂದಾಯ. ಆದರೂ ಸರ್ವೆಯವರು ನಡೆದು ನೋಡಿ, ಒಣಗಿದ ಹಳ್ಳವನ್ನೂ ಬಿಡದೆ ಕಪ್ಪು ಗೆರೆಯಲ್ಲಿ ಬರೆದಿಟ್ಟರು. ನೀರಿಲ್ಲದ ಕಾಲದಲ್ಲೂ ಅದನ್ನ ಹಳ್ಳ ಅಂತಲೇ ಕರೆದರು. ಬೇರೆ ಊರಿಂದ ಬಂದ ನಮಗೆ ಇಲ್ಲಿನ ನೆಲದ ನೆನಪು ಇಲ್ಲ. ಇಲ್ಲೇ ಹುಟ್ಟಿದವರಿಗೆ ಅಜ್ಜ ಹೇಳಿರ್ತಾನೆ, ನಮಗೆ ಹೇಳೋಕೆ ಈ ನಕ್ಷೆ ಇದೆ.

ಆ ಹುಡುಗನ ಸೊಸೈಟಿಯವರು ಈಗ ಮೂಲ ಹಳ್ಳದ ದಾರಿ ಬಿಡಿಸೋಕೆ ಪಾಲಿಕೆಗೆ ಅರ್ಜಿ ಹಾಕಿದ್ದಾರೆ. ಅರ್ಜಿ ಜೊತೆ ಲಗತ್ತಿಸಿರೋದು ನನ್ನ ನಕ್ಷೆ, ಎರಡನೇ ಸಲ ಮಾಡಿದ್ದು. ಕಳಿಸೋ ಮೊದಲು ದಾಪೋಡಿ ಸೇತುವೆ ಮೂರು ಸಲ ಚೆಕ್ ಮಾಡಿದೆ.

ನಿಮ್ಮ ಶೀಟ್ ನಂಬರ್ ಯಾವುದು ಅಂತ ಹುಡುಕಿ ನೋಡಿ. ಡೇಟಮ್ ಹಾಕೋದು ತೊಡಕಾದರೆ ಕೇಳಿ, ಕೂತು ಹೇಳಿಕೊಡ್ತೀನಿ. ಮುಂದಿನ ವಿಡಿಯೋದಲ್ಲಿ ಸಿಗೋಣ, ಬರ್ತೀನಿ.